ವಿಮಾನ ನೌಕರರ ಸಂಘಗಳೂ ಕರಾವಳಿಯ ಪ್ರಯಾಣಿಕರೂ

ಉಡುಪಿ, ಕಾಪು, ಕಾರ್ಕಳದ ಸೀಮೆಯಲ್ಲಿ ವಿಮಾನವೆಂಬುದು ಶ್ರೀಮಂತರ ವಿಲಾಸವಾಗಿದ್ದ ಕಾಲವು ಎಂದೋ ಕಳೆದುಹೋಯಿತು. ದುಬಾಯಿ, ಮಸ್ಕತ್, ಕುವೈತ್ ಮೊದಲಾದ ಕಡೆಗಳಲ್ಲಿ ದುಡಿದು ಮನೆಗೆ ಹಣ ಕಳುಹಿಸುವ ಮಗನೋ ಅಳಿಯನೋ ಇರುವ ಮನೆಗಳು ಇಲ್ಲಿ ಊರೂರಲ್ಲಿಯೂ ಕಾಣಸಿಗುತ್ತವೆ. ಮಣಿಪಾಲದ ವಿದ್ಯಾಲಯಗಳಿಗೆ ದೂರದೇಶದಿಂದ ಬರುವ ವಿದ್ಯಾರ್ಥಿಗೂ, ಕೊಲ್ಲಿಯಿಂದ ಮದುವೆಗೆಂದು ಮೂರು ವಾರದ ರಜೆ ಪಡೆದು ಬರುವ ಕೂಲಿಕಾರನಿಗೂ ಬಜಪೆಯೇ ಹೆಬ್ಬಾಗಿಲು. ಹೀಗಿದ್ದರೂ ವಿಮಾನವನ್ನು ನಡೆಸುವ, ತಿದ್ದುವ, ಅದರೊಳಗೆ ಉಪಚರಿಸುವ ನೌಕರರ ವಿಚಾರವು ಜನರ ಮಾತಿಗೆ ಬರುವುದು ಅಪರೂಪ. ವಿಮಾನವು ಹೊರಡದಿದ್ದ ದಿನ ಮಾತ್ರ ಅವರ ನೆನಪಾಗುವುದು, ಅದೂ ಶಾಪರೂಪವಾಗಿ.

ಮುಷ್ಕರದ ಚರಿತ್ರೆಯನ್ನು ಸಂಬಳದ ಚರಿತ್ರೆಯೆಂದೇ ಬಗೆಯುವುದು ವಾಡಿಕೆ. ವಿಮಾನ ನೌಕರರು ಹೆಚ್ಚು ವೇತನಕ್ಕಾಗಿ ಹೋರಾಡಿದುದು ನಿಜ. ಆದರೆ ಅವರ ಹೋರಾಟಗಳನ್ನು ಕ್ರಮವಾಗಿ ಪರಿಶೀಲಿಸಿದರೆ ಸಂಬಳದ ಹಿಂದೆ ಬೇರೆ ಎರಡು ಹಕ್ಕುಗಳು ಕಾಣಬರುತ್ತವೆ. ಒಂದು, ದಣಿದವನಿಗೆ ವಿಶ್ರಾಂತಿಯ ಹಕ್ಕು. ಇನ್ನೊಂದು, ಕಂಡ ದೋಷವನ್ನು ಭಯವಿಲ್ಲದೆ ಹೇಳುವ ಹಕ್ಕು. ಇವೆರಡೂ ನೌಕರನಿಗೆ ಎಷ್ಟು ಬೇಕೋ ಅವನ ಬೆನ್ನ ಹಿಂದೆ ಕುಳಿತ ಪ್ರಯಾಣಿಕನಿಗೂ ಅಷ್ಟೇ ಬೇಕು. ಕರಾವಳಿಯ ಜನರಿಗೆ ಈ ಸತ್ಯವು ಅತಿ ದುಬಾರಿಯ ಬೆಲೆಯಿಂದ ತಿಳಿದುಬಂದಿದೆ.

ಭಾರತದಲ್ಲಿ ವಿಮಾನಸಂಚಾರದ ಉದ್ಯಮವು 1932ನೆಯ ಅಕ್ಟೋಬರ 15ರಂದು ಶ್ರೀ ಜೆ. ಆರ್. ಡಿ. ತಾತಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆಯನ್ನು ಹೊತ್ತುತಂದುದರಿಂದ ಮೊದಲಾಯಿತೆನ್ನಬಹುದು. ಸ್ವಾತಂತ್ರ್ಯಾನಂತರ ಹಲವು ಖಾಸಗಿ ಕಂಪೆನಿಗಳು ತಲೆಯೆತ್ತಿದುವು. 1951ನೆಯ ಡಿಸೆಂಬರ 25ರಂದು ಪ್ರಧಾನಿ ಜವಾಹರಲಾಲ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಜಪೆಯ ಗುಡ್ಡದ ಮೇಲೆ ಬಂದಿಳಿದಾಗ ದಕ್ಷಿಣ ಕನ್ನಡಕ್ಕೆ ಆಕಾಶದ ದಾರಿಯು ತೆರೆಯಿತು. ಎರಡು ವರ್ಷವೂ ತುಂಬುವ ಮೊದಲೇ, 1953ರ ಆಗಸ್ಟಿನಲ್ಲಿ, ಸರಕಾರವು ಕಂಪೆನಿಗಳೆಲ್ಲವನ್ನೂ ವಶಪಡಿಸಿಕೊಂಡು ದೇಶದೊಳಗಿನ ಸಂಚಾರಕ್ಕೆ ಇಂಡಿಯನ್ ಏರ್‌ಲೈನ್ಸ್, ಹೊರದೇಶದ ಸಂಚಾರಕ್ಕೆ ಏರ್ ಇಂಡಿಯಾ ಎಂಬೆರಡು ನಿಗಮಗಳನ್ನು ಸ್ಥಾಪಿಸಿತು. ಬಗೆಬಗೆಯ ಕಂಪೆನಿಗಳ ನೌಕರರು ಒಂದೇ ಧಣಿಯ ಕೆಳಗೆ ಬಂದರು. ಆದರೆ ಅವರ ಸಂಘಗಳು ಒಂದಾಗಲಿಲ್ಲ. ಏರ್ ಇಂಡಿಯಾದ ಚಾಲಕರಿಗೆ ಇಂಡಿಯನ್ ಪೈಲಟ್ಸ್ ಗಿಲ್ಡ್, ಇಂಡಿಯನ್ ಏರ್‌ಲೈನ್ಸಿನ ಚಾಲಕರಿಗೆ ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಶನ್, ಯಂತ್ರವನ್ನು ನೋಡಿಕೊಳ್ಳುವ ಇಂಜಿನಿಯರುಗಳಿಗೆ ಒಂದು, ವಿಮಾನದೊಳಗೆ ಸೇವೆ ಮಾಡುವವರಿಗೆ ಒಂದು, ನೆಲದ ಮೇಲಿನ ನೌಕರರಿಗೆ ಮತ್ತೊಂದು. ಹೀಗೆ ಮೆಟ್ಟಿಲಿಗೊಂದು ಸಂಘವು ಬೆಳೆಯಿತು. ಒಂದೇ ವಿಮಾನವನ್ನು ಮೇಲಕ್ಕೆತ್ತಲು ಕೂಡಿದ ಕೈಗಳು ಬೇಡಿಕೆಯನ್ನು ಎತ್ತುವಾಗ ಬೇರೆ ಬೇರೆಯಾದುವು.

ಕಾನೂನಿನ ಕಟ್ಟೂ ಇವರಿಗೆ ಉಳಿದವರಿಗಿಂತ ಬಿಗಿಯಾಗಿಯೇ ಇತ್ತು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯು ರೈಲು ಮೊದಲಾದುವನ್ನು ಸಾರ್ವಜನಿಕ ಉಪಯುಕ್ತತೆಯ ಸೇವೆಗಳೆಂದು ಬೇರೆಯಾಗಿ ಎಣಿಸಿತು. ವಿಮಾನಸಂಚಾರವೂ ತರುವಾಯ ಅದೇ ಸಾಲಿಗೆ ಸೇರಿತು. ಇಂತಹ ಸೇವೆಯಲ್ಲಿರುವವರು ಮುಂಚಿತವಾಗಿ ನೋಟೀಸು ಕೊಡದೆ, ಕೊಟ್ಟ ಮೇಲೂ 14 ದಿನ ಕಳೆಯದೆ, ಸಂಧಾನವು ನಡೆಯುತ್ತಿರುವಾಗಲಂತೂ ಎಷ್ಟು ಮಾತ್ರಕ್ಕೂ ಕೆಲಸ ನಿಲ್ಲಿಸಕೂಡದು. ಹೀಗೆ ನೇರಾದ ಬಾಗಿಲು ಇಕ್ಕಟ್ಟಾದುದರಿಂದಲೇ ಒಟ್ಟಾಗಿ ರೋಗದ ರಜೆ ಹಾಕುವ ಪಕ್ಕದ ಬಾಗಿಲನ್ನು ವಿಮಾನ ನೌಕರರು ಮುಂದೆ ಕಂಡುಕೊಂಡರು.

ಸಂಘವು ಮೆಟ್ಟಿಲಿಗೊಂದಾಗದೆ ಎಲ್ಲ ವರ್ಗಗಳನ್ನೂ ಕೂಡಿಸಿದರೆ ಏನಾಗುವುದೆಂಬುದಕ್ಕೆ ರೈಲ್ವೆಯ ಚರಿತ್ರೆಯು ಉದಾಹರಣೆಯಾಗಿದೆ. ಅದರಲ್ಲಿ ಕರಾವಳಿಯವರ ಪಾತ್ರವೂ ಸಣ್ಣದಲ್ಲ. ಮಣಿಪಾಲದ ಶ್ರೀ ಟಿ. ಎ. ಪೈಯವರು 1972ರ ಜುಲಾಯಿಯಿಂದ 1973ರ ಫೆಬ್ರವರಿಯ ತನಕ ಕೇಂದ್ರದಲ್ಲಿ ರೈಲ್ವೆ ಮಂತ್ರಿಗಳಾಗಿದ್ದರು. ಅವರು ಆ ಖಾತೆಯನ್ನು ಬಿಟ್ಟ ವರ್ಷವೇ ಎಂಜಿನು ಓಡಿಸುವ ನೌಕರರು ಮುಷ್ಕರ ಹೂಡಿದರು. ಹಗಲಿರುಳೆನ್ನದೆ ಎಂಜಿನಿನ ಬೆಂಕಿಯೆದುರು ನಿಲ್ಲುವ ತಮ್ಮ ಕೆಲಸಕ್ಕೆ ಗಂಟೆಗಳ ಮಿತಿ ಬೇಕೆಂಬುದೇ ಅವರ ಮುಖ್ಯ ಬೇಡಿಕೆಯಾಗಿತ್ತು. ಅದೇ 1973ರಲ್ಲಿ ಮಂಗಳೂರಿನ ಶ್ರೀ ಜಾರ್ಜ್ ಫರ್ನಾಂಡಿಸರು ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರಾದರು. ಹರೆಯದಲ್ಲಿ ಮಂಗಳೂರಿನ ಹೊಟೇಲು ಮತ್ತು ಮೋಟಾರು ಕೆಲಸಗಾರರನ್ನು ಸಂಘಟಿಸಿ, ಬಳಿಕ ಮುಂಬಯಿಯ ಬಂದರಿನಲ್ಲಿಯೂ ಬೀದಿಗಳಲ್ಲಿಯೂ ಕಾರ್ಮಿಕರ ಮುಖಂಡರಾಗಿ ಬೆಳೆದ ಅವರು, 1974ರ ಫೆಬ್ರವರಿಯಲ್ಲಿ ರೈಲ್ವೆಯ ಬೇರೆ ಬೇರೆ ಸಂಘಗಳನ್ನು ಒಂದು ಸಮನ್ವಯ ಸಮಿತಿಯಲ್ಲಿ ಕೂಡಿಸಿದರು. ಎಂಟು ಗಂಟೆಯ ದುಡಿಮೆ, ಬೋನಸು, ಸರಕಾರದ ಇತರ ಉದ್ಯಮಗಳ ನೌಕರರಿಗೆ ಸಮನಾದ ವೇತನ ಇವು ಬೇಡಿಕೆಗಳು. ಮಾತುಕತೆಗಳು ಮುಗಿಯುವ ಮೊದಲೇ, ಮೇ 2ರಂದು, ಫರ್ನಾಂಡಿಸರನ್ನು ಲಕ್ನೋದಲ್ಲಿ ಬಂಧಿಸಲಾಯಿತು. ಮೇ 8ರಂದು ಮುಷ್ಕರವು ಆರಂಭವಾಯಿತು. ಸುಮಾರು 17 ಲಕ್ಷ ಕೆಲಸಗಾರರು ಭಾಗವಹಿಸಿದರೆಂದು ಹೇಳಲಾಗುವ ಈ ಮುಷ್ಕರವು 20 ದಿನ ನಡೆದು ಮೇ 27ರಂದು ನಿಂತಿತು. ಸಾವಿರಾರು ಮಂದಿ ಸೆರೆ ಸೇರಿದರು. ರೈಲ್ವೆ ವಸತಿಗಳಿಂದ ಹೆಂಗಸರು ಮಕ್ಕಳೆನ್ನದೆ ಕುಟುಂಬಗಳನ್ನು ಹೊರಗೆ ಹಾಕಲಾಯಿತು.

ಮುಷ್ಕರವು ಮುರಿಯಿತು; ಆದರೆ ವ್ಯರ್ಥವಾಗಲಿಲ್ಲ. ಕೆಲಸ ಕಳೆದುಕೊಂಡವರನ್ನು 1977ರ ಜನತಾ ಸರಕಾರವು ಹಿಂದಕ್ಕೆ ತೆಗೆದುಕೊಂಡಿತು. ಬೋನಸಿನ ತತ್ತ್ವಕ್ಕೆ 1979ರಲ್ಲಿ ಮನ್ನಣೆ ದೊರೆಯಿತು. ಉಡುಪಿಗೆ ಆಗಿನ್ನೂ ರೈಲೇ ಬಂದಿರಲಿಲ್ಲ. ಮುಷ್ಕರದ ಮುಖಂಡನು 1989ರಲ್ಲಿ ತಾನೇ ರೈಲ್ವೆ ಮಂತ್ರಿಯಾಗಿ ಕೊಂಕಣ ರೈಲ್ವೆಗೆ ಚಾಲನೆ ಕೊಟ್ಟ ಮೇಲೆ, 1993ರ ಮಾರ್ಚಿನಲ್ಲಿ, ಮಂಗಳೂರು ಉಡುಪಿಗಳ ನಡುವೆ ಮೊದಲ ಗಾಡಿಯು ಓಡಿತು.

ಇಂತಹ ಕೂಟವು ವಿಮಾನ ನೌಕರರಲ್ಲಿ ಕೂಡಿಬರಲಿಲ್ಲ. 1973ರ ನವಂಬರಿನಲ್ಲಿ ಇಂಡಿಯನ್ ಏರ್‌ಲೈನ್ಸಿನ ಆಡಳಿತವು ನೌಕರರೊಡನೆ ವಿವಾದ ಬೆಳೆದಾಗ ಲಾಕೌಟ್ ಘೋಷಿಸಿತು. ಆಗ ಅದರ ಅಧ್ಯಕ್ಷರಾಗಿದ್ದವರು ವಾಯುಸೇನೆಯ ನಿವೃತ್ತ ಮುಖ್ಯಸ್ಥ ಶ್ರೀ ಪಿ. ಸಿ. ಲಾಲರು. ಕೆಲಸಗಾರರು ಕೆಲಸ ನಿಲ್ಲಿಸುವುದಕ್ಕೆ ಪ್ರತಿಯಾಗಿ ಧಣಿಯೇ ಬಾಗಿಲು ಮುಚ್ಚುವ ಈ ಉಪಾಯವು ಸರಕಾರಿ ನಿಗಮಕ್ಕೂ ತಿಳಿದಿದೆಯೆಂಬುದು ಆಗ ಸ್ಪಷ್ಟವಾಯಿತು.

ಇಲ್ಲಿ ಕಾರ್ಕಳ, ಕಾಪುಗಳ ಕಡೆಯ ಬೀಡಿ ಕೆಲಸಗಾರರ ನೆನಪು ಬಾರದಿರದು. ಮನೆಯ ಜಗಲಿಯಲ್ಲಿ ಕುಳಿತು ಮೊರದಲ್ಲಿ ಎಲೆಯನ್ನೂ ಹೊಗೆಸೊಪ್ಪನ್ನೂ ಇಟ್ಟುಕೊಂಡು ಬೀಡಿ ಸುತ್ತುವ ಹೆಂಗಸರಿಗೆ ಒಂದೇ ಸೂರಿನ ಕಾರ್ಖಾನೆಯೆಂಬುದಿಲ್ಲ. ಆದರೂ 1966ರ ಬೀಡಿ ಕೆಲಸಗಾರರ ಕಾಯಿದೆಯು ಮನೆಯಲ್ಲಿ ದುಡಿಯುವವರನ್ನೂ ಕಾರ್ಮಿಕರೆಂದೇ ಗಣಿಸಿತು. ಮಂಗಳೂರಿನ ಬೀಡಿ ಸಂಸ್ಥೆಯೊಂದು ಆ ಕಾಯಿದೆಯನ್ನು ಪ್ರಶ್ನಿಸಿದಾಗ 1974ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಬೇರೆ ಬೇರೆ ಜಗಲಿಗಳಲ್ಲಿ ಕುಳಿತವರು ಕಾನೂನಿನ ಕಣ್ಣಿಗೆ ಒಂದಾದರು. ಒಂದೇ ವಿಮಾನದೊಳಗೆ ಕುಳಿತವರು ಒಂದಾಗಲಿಲ್ಲ.

1981ರ ಆಗಸ್ಟ್ ತಿಂಗಳು ವಿಮಾನ ನೌಕರರ ಚರಿತ್ರೆಯಲ್ಲಿ ನೆನಪಿಡತಕ್ಕುದು. ಆ ತಿಂಗಳ 3ರಂದು ಅಮೇರಿಕದಲ್ಲಿ ವಿಮಾನಗಳ ಸಂಚಾರವನ್ನು ನಿಯಂತ್ರಿಸುವ ಸುಮಾರು 13,000 ನೌಕರರು ವೇತನದ ಜೊತೆಗೆ ವಾರಕ್ಕೆ 32 ಗಂಟೆಯ ದುಡಿಮೆಯನ್ನು ಕೇಳಿ ಕೆಲಸ ಬಿಟ್ಟರು. ಅಧ್ಯಕ್ಷ ರೇಗನರು ಎರಡು ದಿನಗಳ ಅವಧಿ ಕೊಟ್ಟು, ಹಿಂದಿರುಗದ 11,000ಕ್ಕೂ ಮಿಕ್ಕಿದ ಮಂದಿಯನ್ನು ವಜಾ ಮಾಡಿದರು. ವಿಮಾನಗಳು ಹಾರುತ್ತಲೇ ಇದ್ದುವು. ಉಳಿದ ಸಂಘಗಳು ಜೊತೆಗೆ ನಿಲ್ಲದಿದ್ದುದೇ ಆ ಮುಷ್ಕರದ ಸೋಲಿಗೆ ಒಂದು ದೊಡ್ಡ ಕಾರಣವೆಂದು ಹೇಳಬೇಕು. ಅದೇ ತಿಂಗಳಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಏರ್ ಇಂಡಿಯಾದ ಗಗನಸಖಿಯರ ವ್ಯಾಜ್ಯವನ್ನು ತೀರ್ಮಾನಿಸಿತು. ಕೆಲಸಕ್ಕೆ ಸೇರಿ ನಾಲ್ಕು ವರ್ಷದೊಳಗೆ ಮದುವೆಯಾದರೆ, ಇಲ್ಲವೆ ಮೊದಲ ಬಾರಿ ಗರ್ಭಿಣಿಯಾದರೆ, ಅವರ ಉದ್ಯೋಗವು ಕೊನೆಗಾಣುತ್ತಿತ್ತು. ಗರ್ಭಿಣಿಯನ್ನು ತೆಗೆದುಹಾಕುವ ನಿಯಮವನ್ನು ನ್ಯಾಯಾಲಯವು ರದ್ದುಗೊಳಿಸಿತು. ಮದುವೆಯ ನಿಯಮವನ್ನು ಉಳಿಸಿತು. ಅರ್ಧ ಜಯವಾದರೂ ಅದು ಜಯವೇ. ಅದೇ ಆಗಸ್ಟಿನ 19ರಂದು ಬಜಪೆಯಲ್ಲಿ ಇಂಡಿಯನ್ ಏರ್‌ಲೈನ್ಸಿನ ಆವ್ರೋ ವಿಮಾನವೊಂದು ಓಡುದಾರಿಯನ್ನು ಮೀರಿ ಗುಡ್ಡದ ಅಂಚಿನಲ್ಲಿ ನಿಂತಿತು. ಕಾರ್ಕಳದ ಶಾಸಕರಾಗಿದ್ದ ಶ್ರೀ ವೀರಪ್ಪ ಮೊಯಿಲಿಯವರೂ ಅದರಲ್ಲಿದ್ದರು. ಪ್ರಾಣಹಾನಿಯಾಗಲಿಲ್ಲ. ಗುಡ್ಡವು ಎಚ್ಚರಿಕೆ ಕೊಟ್ಟು ಸುಮ್ಮನಾಯಿತು.

2006ರಲ್ಲಿ ಬಜಪೆಯ ಹೊಸ ಓಡುದಾರಿಯು ಬಳಕೆಗೆ ಬಂದಿತು. ಅದೇ ವರ್ಷ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಯು ದುಬಾಯಿಗೆ ನೇರವಾಗಿ ವಿಮಾನವನ್ನು ಓಡಿಸತೊಡಗಿತು. ನಾಲ್ಕು ವರ್ಷಗಳ ತರುವಾಯ, 2010ನೆಯ ಮೇ 22ರ ಮುಂಜಾನೆ, ದುಬಾಯಿಯಿಂದ ಬಂದ ಅದೇ ಸಂಸ್ಥೆಯ ವಿಮಾನವು ಆ ಓಡುದಾರಿಯನ್ನು ಮೀರಿ ಕಣಿವೆಗೆ ಉರುಳಿ ಹೊತ್ತಿಕೊಂಡಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಮಡಿದರು. 8 ಮಂದಿ ಮಾತ್ರ ಬದುಕಿದರು. ಮಡಿದವರಲ್ಲಿ ಬಹುಮಂದಿ ಕರಾವಳಿಯವರೂ ಕಾಸರಗೋಡಿನವರೂ ಆಗಿದ್ದರು. ನಿವೃತ್ತ ಏರ್ ಮಾರ್ಷಲ್ ಶ್ರೀ ಬಿ. ಎನ್. ಗೋಖಲೆಯವರ ವಿಚಾರಣಾ ಸಮಿತಿಯು ಎರಡು ಸಂಗತಿಗಳನ್ನು ಬೆಳಕಿಗೆ ತಂದಿತು. ಪ್ರಯಾಣದ ನಡುವೆ ಮುಖ್ಯ ಚಾಲಕನು ಒಂದೂವರೆ ಗಂಟೆಗೂ ಹೆಚ್ಚು ಕಾಲ ನಿದ್ರಿಸಿದ್ದನು. ಎಚ್ಚತ್ತ ಮೇಲೂ ಮಂಪರು ಅವನ ವಿವೇಚನೆಯನ್ನು ಮುಸುಕಿದ್ದಿರಬೇಕು. ಎರಡನೆಯದಾಗಿ, ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕೆಂದು ಸಹಚಾಲಕನು ಮೂರು ಸಲ ಹೇಳಿದನು. ಹಿರಿಯನು ಕೇಳಲಿಲ್ಲ, ಕಿರಿಯನು ವಿಮಾನವನ್ನು ತನ್ನ ಕೈಗೆ ತೆಗೆದುಕೊಳ್ಳಲಿಲ್ಲ. ನಿದ್ರೆ ಮತ್ತು ಮಾತು: ಮೇಲೆ ಹೇಳಿದ ಎರಡು ಹಕ್ಕುಗಳ ಪ್ರಶ್ನೆಯೇ ಆ ಸಣ್ಣ ಕೋಣೆಯೊಳಗೆ ಜೀವನ್ಮರಣದ ಪ್ರಶ್ನೆಯಾಗಿ ನಿಂತಿತು.

ದುರಂತವಾಗಿ ಮೂರು ದಿನ ಕಳೆದಿತ್ತಷ್ಟೆ. ಕೆಲವು ದೇಹಗಳ ಗುರುತು ಇನ್ನೂ ಹತ್ತಿರಲಿಲ್ಲ. ಮೇ 25ರಂದು ಏರ್ ಇಂಡಿಯಾದ ಇಂಜಿನಿಯರುಗಳೂ ನೆಲದ ನೌಕರರೂ ಹಠಾತ್ತಾಗಿ ಕೆಲಸ ನಿಲ್ಲಿಸಿದರು. ನೌಕರರ ಸಂಘಗಳವರು ಪತ್ರಿಕೆಗಳೊಡನೆ ಮಾತಾಡಕೂಡದೆಂದು ಆಡಳಿತವು ಹೊರಡಿಸಿದ ಆಜ್ಞೆಯೇ ಮುಖ್ಯ ಕಾರಣವೆಂದು ಅವರು ಸಾರಿದರು. ದೇಶದಾದ್ಯಂತ ವಿಮಾನಗಳು ರದ್ದಾದುವು. ಮರುದಿನ ದಿಲ್ಲಿಯ ಉಚ್ಚ ನ್ಯಾಯಾಲಯವು ಮುಷ್ಕರವನ್ನು ತಡೆಯಲು ಆಜ್ಞೆಯಿತ್ತಿತು. ಕೆಲಸವು ಮರಳಿ ಆರಂಭವಾಯಿತು. ಆಡಳಿತವು ಕೆಲವರನ್ನು ಕೆಲಸದಿಂದ ತೆಗೆದು, ಎರಡು ಸಂಘಗಳಿಗಿದ್ದ ಮನ್ನಣೆಯನ್ನು ಹಿಂದಕ್ಕೆ ತೆಗೆದುಕೊಂಡಿತು.

ಈ ಮುಷ್ಕರದ ವಿಚಾರದಲ್ಲಿ ನ್ಯಾಯವಾದ ತೀರ್ಪು ಸುಲಭವಲ್ಲ. ಜನರು ಶೋಕದಲ್ಲಿ ಮುಳುಗಿದ್ದ ದಿನ, ಮುನ್ಸೂಚನೆಯಿಲ್ಲದೆ ದಾರಿಯನ್ನು ಮುಚ್ಚಿದುದು ಹೃದಯಹೀನತೆಯೆಂದು ಅನೇಕರಿಗೆ ತೋರಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಮುಷ್ಕರದ ವಿಷಯವೇನೆಂಬುದನ್ನು ಮರೆಯಲಾಗದು. ಅವರು ಕೇಳಿದುದು ಬಾಯಿ ತೆರೆಯುವ ಹಕ್ಕನ್ನು. ವಿಮಾನದ ಲೋಪವನ್ನು ಮೊದಲು ಕಾಣುವವನು ಅದನ್ನು ತಿದ್ದುವ ಕೆಲಸಗಾರ. ಅವನ ಬಾಯಿಗೆ ಬೀಗ ಬಿದ್ದರೆ ಕಿವಿ ಕಿವುಡಾಗುವುದು ಪ್ರಯಾಣಿಕನದು. ವಿಷಯವು ಸಾಧುವಾಗಿದ್ದರೂ ಸಮಯವು ಸಾಧುವಾಗಿರಲಿಲ್ಲ. ಸಮಯವು ಸಾಧುವಲ್ಲವೆಂಬ ಕಾರಣದಿಂದ ವಿಷಯವೂ ಜನರ ಕಿವಿಗೆ ಬೀಳದೆ ಹೋಯಿತು.

ಆಮೇಲಿನ ಎರಡು ಮುಷ್ಕರಗಳು ಸಂಘಗಳ ಇನ್ನೊಂದು ಮುಖವನ್ನು ತೋರಿದುವು. 2007ರಲ್ಲಿ ಎರಡು ಸರಕಾರಿ ಸಂಸ್ಥೆಗಳನ್ನು ಒಂದುಗೂಡಿಸಲಾಗಿತ್ತಾದರೂ ಚಾಲಕರ ವೇತನವು ಒಂದಾಗಿರಲಿಲ್ಲ. 2011ರ ಏಪ್ರಿಲ್ 27ರಿಂದ ಹತ್ತು ದಿನ ಹಿಂದಿನ ಇಂಡಿಯನ್ ಏರ್‌ಲೈನ್ಸಿನ ಚಾಲಕರು ಸಮಾನ ವೇತನಕ್ಕಾಗಿ ಕೆಲಸ ಬಿಟ್ಟರು. ಮರುವರ್ಷ ಮೇ ತಿಂಗಳಲ್ಲಿ ಹಿಂದಿನ ಏರ್ ಇಂಡಿಯಾದ ಚಾಲಕರು ಮುಷ್ಕರ ಹೂಡಿ 58 ದಿನ ನಿಂತರು. ಹೊಸದಾಗಿ ಬಂದ ಡ್ರೀಮ್‌ಲೈನರ್ ವಿಮಾನದ ತರಬೇತಿಯನ್ನು ಇನ್ನೊಂದು ಕಡೆಯ ಚಾಲಕರೊಡನೆ ಹಂಚಿಕೊಳ್ಳುವುದಕ್ಕೆ ಅವರ ವಿರೋಧವಿತ್ತು. ಒಬ್ಬರ ಮುಷ್ಕರದಲ್ಲಿ ಇನ್ನೊಬ್ಬರು ವಿಮಾನ ನಡೆಸಿದರು. ಧಣಿಯ ವಿರುದ್ಧ ಎತ್ತಿದ ಕೈ ನೆರೆಯವನ ತಟ್ಟೆಯ ಕಡೆಗೆ ತಿರುಗಿದರೆ ಅದನ್ನು ಒಕ್ಕಟ್ಟೆನ್ನಲಾಗುವುದೆ?

ಖಾಸಗಿ ಕಂಪೆನಿಗಳ ನೌಕರರ ಸ್ಥಿತಿಯು ಇದಕ್ಕಿಂತಲೂ ದುರ್ಬಲವಾಗಿತ್ತು. ಜೆಟ್ ಏರ್‌ವೇಸ್ ಸಂಸ್ಥೆಯಲ್ಲಿ ಸಂಘ ಕಟ್ಟಲು ಮುಂದಾದ ಇಬ್ಬರು ಚಾಲಕರನ್ನು ತೆಗೆದುಹಾಕಿದಾಗ, 2009ರ ಸಪ್ಟೆಂಬರದಲ್ಲಿ ನೂರಾರು ಚಾಲಕರು ಒಟ್ಟಾಗಿ ರೋಗದ ರಜೆ ಹಾಕಿ ಅವರನ್ನು ಮರಳಿ ಸೇರಿಸುವಂತೆ ಮಾಡಿದರು. ಬೆಂಗಳೂರಿನಲ್ಲಿ ನೆಲೆಗೊಂಡಿದ್ದ ಕಿಂಗ್‌ಫಿಶರ್ ಸಂಸ್ಥೆಯ ಕಥೆಯು ಬೇರೆ ಬಗೆಯದು. ಅದರ ಒಡೆಯರಾದ ಮಲ್ಯರ ಮನೆತನದ ಮೂಲವು ಬಂಟವಾಳ. ಆದುದರಿಂದ ಕರಾವಳಿಯವರಿಗೆ ಆ ಹೆಸರಿನ ಮೇಲೆ ಅಭಿಮಾನವಿತ್ತು. 2012ರಲ್ಲಿ ಅಲ್ಲಿನ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ದೊರೆಯಲಿಲ್ಲ. ಇಂಜಿನಿಯರುಗಳೂ ಚಾಲಕರೂ ಕೆಲಸ ನಿಲ್ಲಿಸಿದಾಗ ಅಕ್ಟೋಬರ 1ರಂದು ಆಡಳಿತವು ಲಾಕೌಟ್ ಘೋಷಿಸಿತು. ಅದೇ ತಿಂಗಳ 20ರಂದು ಸಂಸ್ಥೆಯ ಪರವಾನಿಗೆಯನ್ನು ಅಮಾನತುಗೊಳಿಸಲಾಯಿತು. ಜೆಟ್ ಏರ್‌ವೇಸ್ ಕೂಡ 2019ರ ಏಪ್ರಿಲ್ 17ರಂದು ನಿಂತುಹೋಯಿತು. ಹೋರಾಡಿ ಗೆಲ್ಲಲು ಎದುರಿಗೊಬ್ಬ ಧಣಿಯಾದರೂ ಉಳಿದಿರಬೇಕಷ್ಟೆ. ಉದ್ಯಮವೇ ಮುಳುಗಿದಾಗ ಮುಷ್ಕರವೆಂಬ ಆಯುಧವು ಗಾಳಿಯಲ್ಲಿ ಬೀಸಿದ ಕತ್ತಿಯಾಗುತ್ತದೆ.

2022ನೆಯ ಜನವರಿ 27ರಂದು ಏರ್ ಇಂಡಿಯಾವು ಮರಳಿ ತಾತಾ ಮನೆತನದ ಸಂಸ್ಥೆಯ ಕೈಸೇರಿತು. ಕರಾವಳಿಯನ್ನು ಕೊಲ್ಲಿಗೆ ಕೂಡಿಸುವ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನೊಡನೆ ಇನ್ನೊಂದು ಸಂಸ್ಥೆಯನ್ನು ಜೋಡಿಸುವ ಕಾಲದಲ್ಲಿ, ವೇತನದಲ್ಲಿಯೂ ನಡತೆಯಲ್ಲಿಯೂ ತಾರತಮ್ಯವಿದೆಯೆಂದು ವಿಮಾನದೊಳಗಿನ ಸೇವಕವರ್ಗವು ದೂರಿತು. 2024ರ ಮೇ 7ರ ರಾತ್ರಿಯಿಂದ ಇನ್ನೂರಕ್ಕೂ ಹೆಚ್ಚು ಮಂದಿ ರೋಗದ ರಜೆ ಹಾಕಿದರು. 25 ಮಂದಿಯನ್ನು ವಜಾ ಮಾಡಲಾಯಿತು. ಮೇ 9ರಂದು ದಿಲ್ಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರೆದುರು ಸಂಧಾನವಾಗಿ ಅವರೆಲ್ಲರನ್ನೂ ಮರಳಿ ಸೇರಿಸಿಕೊಳ್ಳಲು ಒಪ್ಪಿಗೆಯಾಯಿತು. ನೌಕರರ ಮಟ್ಟಿಗೆ ಇದು ಜಯವೇ ಸರಿ. ಆದರೆ ಆ ಎರಡು ದಿನಗಳಲ್ಲಿ ಮಸ್ಕತ್ತಿನ ಆಸ್ಪತ್ರೆಯಲ್ಲಿದ್ದ ಕೇರಳದ ದುಡಿಮೆಗಾರನೊಬ್ಬನ ಹೆಂಡತಿಯು ವಿಮಾನವು ರದ್ದಾದುದರಿಂದ ಅವನ ಬಳಿಗೆ ಹೋಗಲಾರದಾದಳು. ಕೆಲವೇ ದಿನಗಳಲ್ಲಿ ಅವನು ತೀರಿಕೊಂಡನು.

ಈ ಸಂಗತಿಯಲ್ಲಿ ವಿಮಾನ ನೌಕರರ ರಾಜಕಾರಣದ ಅತಿ ಕಠಿನವಾದ ಗಂಟು ಅಡಗಿದೆ. ಕೊಲ್ಲಿಯ ವಿಮಾನದಲ್ಲಿ ಕುಳಿತ ಪ್ರಯಾಣಿಕನೂ ಕಾರ್ಮಿಕನೇ. ಸಂಯುಕ್ತ ಅರಬ ಸಂಸ್ಥಾನಗಳಲ್ಲಿ ಕಾರ್ಮಿಕ ಸಂಘಕ್ಕಾಗಲಿ ಮುಷ್ಕರಕ್ಕಾಗಲಿ ಅವಕಾಶವಿಲ್ಲ. ರಜೆಯ ಕೊನೆಯ ದಿನ ಹಿಂದಿರುಗದಿದ್ದರೆ ಉದ್ಯೋಗಕ್ಕೇ ಸಂಚಕಾರ ಬರುವ ಭಯ ಅವನಿಗೆ. ಸಂಘವುಳ್ಳ ಕಾರ್ಮಿಕನು ಕೆಲಸ ನಿಲ್ಲಿಸಿದಾಗ ಮೊದಲ ಪೆಟ್ಟು ತಿನ್ನುವವನು ಸಂಘವಿಲ್ಲದ ಈ ಕಾರ್ಮಿಕನು. ಧಣಿಗೆ ತಗಲುವ ನಷ್ಟವು ಲೆಕ್ಕದ ಪುಸ್ತಕದಲ್ಲಿ. ಇವನಿಗೆ ತಗಲುವ ನಷ್ಟವು ಬಾಳಿನಲ್ಲಿ. ಇದನ್ನು ಎಣಿಕೆಗೆ ತಾರದ ಸಂಘವು ತನ್ನ ನ್ಯಾಯಕ್ಕೆ ಸಾಕ್ಷಿಯಾಗಬಲ್ಲ ಸಾವಿರಾರು ಜನರನ್ನು ತಾನೇ ಶತ್ರುಗಳನ್ನಾಗಿ ಮಾಡಿಕೊಳ್ಳುತ್ತದೆ.

ಇನ್ನೊಂದು ಬಗೆಯ ಹೋರಾಟವು ಬೀದಿಯಲ್ಲಲ್ಲ, ನ್ಯಾಯಾಲಯದಲ್ಲಿ ನಡೆಯಿತು. ಚಾಲಕರ ದುಡಿಮೆಯ ಗಂಟೆಗಳ ನಿಯಮಗಳನ್ನು ಬಿಗಿಗೊಳಿಸಬೇಕೆಂದು ಚಾಲಕರ ಸಂಘಗಳು ದಿಲ್ಲಿಯ ಉಚ್ಚ ನ್ಯಾಯಾಲಯದಲ್ಲಿ ವ್ಯಾಜ್ಯ ಹೂಡಿದ್ದುವು. 2024ರ ಜನವರಿಯಲ್ಲಿ ಪ್ರಕಟವಾದ ಹೊಸ ನಿಯಮಗಳು ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48 ಗಂಟೆಗಳಿಗೆ ಏರಿಸಿದುವು. ರಾತ್ರಿಯ ವೇಳೆ ವಿಮಾನವನ್ನು ಇಳಿಸುವ ಸಂಖ್ಯೆಯನ್ನು ಆರರಿಂದ ಎರಡಕ್ಕೆ ಇಳಿಸಿದುವು. ಅವು 2025ರ ಜುಲಾಯಿ 1 ಮತ್ತು ನವಂಬರ 1ರಂದು ಎರಡು ಕಂತುಗಳಲ್ಲಿ ಜಾರಿಗೆ ಬಂದುವು. ಡಿಸೆಂಬರದ ಮೊದಲ ವಾರದಲ್ಲಿ ದೇಶದ ಅತಿ ದೊಡ್ಡ ಸಂಸ್ಥೆಯಾದ ಇಂಡಿಗೋ ಸಾಕಷ್ಟು ಚಾಲಕರಿಲ್ಲದೆ ತತ್ತರಿಸಿತು. 5ರಂದು ಒಂದೇ ದಿನ ಸಾವಿರಕ್ಕೂ ಮಿಕ್ಕಿದ ವಿಮಾನಗಳು ರದ್ದಾದುವು. ಸರಕಾರವು ಆ ಸಂಸ್ಥೆಗೆ ಕೆಲವು ನಿಯಮಗಳಿಂದ ತಾತ್ಕಾಲಿಕವಾಗಿ ವಿನಾಯಿತಿ ಕೊಟ್ಟಿತು. ಯಾರೂ ಮುಷ್ಕರ ಹೂಡಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕೆಲಸಗಾರರ ಹಟದಿಂದ ಮಾತ್ರವಲ್ಲ, ಕೆಲಸಗಾರರನ್ನು ಸಾಲದಷ್ಟು ಇಟ್ಟುಕೊಂಡ ಲೆಕ್ಕಾಚಾರದಿಂದಲೂ ವಿಮಾನಗಳು ನಿಲ್ಲುತ್ತವೆ. ಇದಕ್ಕೆ ಸ್ವಲ್ಪ ಮೊದಲು, 2025ರ ನವಂಬರ 21ರಂದು, ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯು ಜಾರಿಗೆ ಬಂದು, ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಕೆಲಸಗಾರರು ಒಟ್ಟಾಗಿ ಸಾಂದರ್ಭಿಕ ರಜೆ ಹಾಕುವುದನ್ನೂ ಮುಷ್ಕರವೆಂದೇ ಪರಿಗಣಿಸಿತು. ಪಕ್ಕದ ಬಾಗಿಲೂ ಹೀಗೆ ಇಕ್ಕಟ್ಟಾಯಿತು.

ಬಾಗಿಲುಗಳನ್ನು ಇಕ್ಕಟ್ಟುಗೊಳಿಸಿದ ಮಾತ್ರಕ್ಕೆ ದಣಿವು ಕಡಿಮೆಯಾಗದು, ದೋಷವು ಮಾಯವಾಗದು. ನೌಕರರ ಸಂಘಗಳು ಮೆಟ್ಟಿಲುಗಳನ್ನು ಮರೆತು ಕೂಡಬೇಕು. ಕೂಡಿದ ಮೇಲೆ, ತಮ್ಮ ಬೇಡಿಕೆಯು ಪ್ರಯಾಣಿಕನ ಪ್ರಾಣರಕ್ಷಣೆಗೆ ಹೇಗೆ ಸಂಬಂಧಿಸಿದೆಯೆಂಬುದನ್ನು ಮುಷ್ಕರದ ದಿನವಲ್ಲ, ಅದಕ್ಕೆ ಬಹಳ ಮೊದಲೇ ಜನರಿಗೆ ತಿಳಿಯಹೇಳಬೇಕು. ಪ್ರಯಾಣಿಕನಾದರೋ ಟಿಕೇಟಿನ ಬೆಲೆಯನ್ನು ವಿಚಾರಿಸುವಷ್ಟೇ ಆಸಕ್ತಿಯಿಂದ ಚಾಲಕನು ನಿನ್ನೆ ಎಷ್ಟು ಗಂಟೆ ಮಲಗಿದನೆಂದು ವಿಚಾರಿಸಲು ಕಲಿಯಬೇಕು. ರಾತ್ರಿಯ ವಿಮಾನದಲ್ಲಿ ಬರುವ ಮಗನಿಗಾಗಿ ಕಾಪುವಿನ ಮನೆಯಲ್ಲಿ ದೀಪ ಹಚ್ಚಿಟ್ಟು ಕಾಯುವ ತಾಯಿಗೆ, ಆ ವಿಮಾನದ ಚಾಲಕನು ಕಣ್ತುಂಬ ನಿದ್ರಿಸಿರುವುದೂ, ಅವನ ಪಕ್ಕದವನು ಬೇಡವೆಂದು ಗಟ್ಟಿಯಾಗಿ ಹೇಳಲು ಅಂಜದಿರುವುದೂ ಪರರ ವಿಚಾರವಲ್ಲ.